ಅಮಾಲ್ಫಿ ಕಡೆ ಹೋದ್ರೆ ಊಟ ಎಲ್ಲಿ?

ನೋಡಿ, ಸೊರೆಂಟೊ-ಅಮಾಲ್ಫಿ ಕರಾವಳೀಲಿ ಸಮುದ್ರ ಕಾಣೋ ಹೋಟೆಲ್‌ಗೇನೂ ಬರ ಇಲ್ಲ. ನನಗಿದ್ದ ಚಿಂತೆ ಅಮ್ಮಂದು: ಮೀನು, ಮೊಟ್ಟೆ ಮುಟ್ಟಲ್ಲ, ಮಂಡಿನೋವು ಬೇರೆ. ಪೊಸಿಟಾನೋದಲ್ಲಿ ಎಲ್ಲಿ ಹೋದ್ರೂ ಮೆಟ್ಟಿಲು. ಅದಕ್ಕೇ ನೆರಾನೋದ ಕೆಳಗೆ, ಮರೀನಾ ದೆಲ್ ಕಾಂತೋನೆ ದಡದಲ್ಲಿ ಒಂದೇ ಮನೆಯವರು ನಡೆಸೋ ಜಾಗ ಆರಿಸಿದೆ.

ಕರಿದ ಜುಕಿನಿ, ಪ್ರೊವೊಲೋನೆ ದೆಲ್ ಮೊನಾಕೊ ಚೀಸ್ ಹಾಕಿದ ಸ್ಪಗೆಟಿ ಆ ಊರಿನದೇ ಅಡುಗೆ. ಮೀನಿಲ್ಲ, ಆದ್ರೆ ಆ ಚೀಸ್‌ಗೆ ಹಾಲು ಒಡೆಸೋದು ಮೇಕೆಮರಿ ಹೊಟ್ಟೆಯ ರೆನೆಟ್‌ನಿಂದ. ಮುಚ್ಚಿಡದೆ ಹೇಳಿದೆ. ಅಮ್ಮ ಟೊಮೆಟೊ ಸ್ಪಗೆಟಿ ಕೇಳಿದ್ರು, ಚೀಸ್ ಬೇಡ ಅಂದ್ರು. ಮನೆಯವರೇ ಅಡುಗೆ ಮಾಡೋ ಕಡೆ ಇಂಥ ಮಾತು ನೇರವಾಗಿ ಒಲೆ ಮುಂದೆ ತಲುಪುತ್ತೆ. ಅಮ್ಮ ಎರಡನೇ ಸಲ ಬಡಿಸಿಕೊಂಡ್ರು!

ಬಿಲ್ಲಲ್ಲಿ ‘ಕೊಪೆರ್ತೊ’ ಅಂತ ತಲೆಗಿಷ್ಟು ಸೇರಿರುತ್ತೆ. ಅದು ಮೋಸ ಅಲ್ಲ, ಮೇಜಿನ ಶುಲ್ಕ.