ಬೀಜಕ್ಕೊಂದು ಹೆಸರು, ಹೆಸರಿಗೊಂದು ನೆಲ



ಘಟ್ಟದ ನೆತ್ತಿಯ ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದೇ ಘಟ್ಟದ ಮಳೆನೆರಳಿನಲ್ಲಿರುವ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಿಗೆ ದಕ್ಕುವುದು 500ರ ಆಸುಪಾಸು ಮಾತ್ರ. ಈ ಎರಡು ಹವೆಗಳಲ್ಲಿ ಒಂದೇ ತಳಿ ಒಂದೇ ರೀತಿ ಬಾಳಲಾರದು. ಮಲೆನಾಡಿನವರಿಗೆ ಇದು ಹೊಸ ಪಾಠವಲ್ಲ. ಕೇರಳದಲ್ಲಿ ಎರಡು ಕಾಳುಮೆಣಸಿನ ತಳಿಗಳ ಸಂಕರದಿಂದ ಹುಟ್ಟಿದ ಪನ್ನಿಯೂರು-1, ಬಿಸಿಲು ಬೀಳುವಲ್ಲಿ ಹುಲುಸಾಗಿ ಫಸಲು ಕೊಡುತ್ತದೆ. ದಟ್ಟ ನೆರಳಿನ ತೋಟದಲ್ಲಿ ಹಿಂದೆ ಬೀಳುತ್ತದೆ. ಎಣ್ಣೆ ಗಿರಣಿಗಳ ಊರೆಂದು ಹೆಸರಾದ ಚಳ್ಳಕೆರೆಯ ಶೇಂಗಾ ಇದೇ ಮಾತನ್ನು ಇನ್ನಷ್ಟು ನಿಷ್ಠುರವಾಗಿ ಹೇಳುತ್ತದೆ.

ಶೇಂಗಾ ಸ್ವಕೀಯ ಪರಾಗಸ್ಪರ್ಶದ ಬೆಳೆ. ಎರಡು ತಳಿಗಳನ್ನು ಕೂಡಿಸಬೇಕಾದರೆ, ಮರುದಿನ ಅರಳಲಿರುವ ಮೊಗ್ಗನ್ನು ಹಿಂದಿನ ಸಂಜೆಯೇ ಬಿಡಿಸಿ, ಅದರ ಕೇಸರಗಳನ್ನು ಚಿಮ್ಮಟದಿಂದ ತೆಗೆಯಬೇಕು. ಬೆಳಗಿನ ಜಾವ ಗಂಡು ತಳಿಯ ಪರಾಗವನ್ನು ಅದಕ್ಕೆ ಮುಟ್ಟಿಸಬೇಕು. ಕೆಲವೇ ದಿನಗಳಲ್ಲಿ ಸೂಜಿಯಂಥ ತೊಟ್ಟು ಹೊರಟು ಮಣ್ಣಿಗಿಳಿದು, ಅಲ್ಲಿ ಕಾಯಾಗುತ್ತದೆ. ಕೂಡಿಸಿದ ಹೂವಿನ ಕಾಯಿ ಯಾವುದು, ತಾನಾಗಿ ಕಟ್ಟಿದ ಕಾಯಿ ಯಾವುದು ಎಂಬುದು ನೆಲದೊಳಗೆ ಕಾಣುವುದಿಲ್ಲ. ಆದುದರಿಂದ ಆ ಗೆಣ್ಣಿಗೆ ಬಣ್ಣದ ದಾರ ಕಟ್ಟಿ, ಉಳಿದ ಹೂಗಳನ್ನು ಕಿತ್ತುಹಾಕುತ್ತಾರೆ. ಚೀಟಿಯಲ್ಲಿ ಹೆಣ್ಣು ತಳಿಯ ಹೆಸರು ಮೊದಲು, ಗುಣಾಕಾರ ಚಿಹ್ನೆ, ಬಳಿಕ ಗಂಡು ತಳಿಯ ಹೆಸರು, ಕೊನೆಗೆ ದಿನಾಂಕ. ದಾರ ಕಳಚಿದರೆ ಶ್ರಮವೆಲ್ಲ ವ್ಯರ್ಥ.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಮೊದಲ ಪೀಳಿಗೆಯ ಗಿಡಗಳು ಒಂದೇ ತೆರನಾಗಿದ್ದರೂ, ಎರಡನೆಯ ಪೀಳಿಗೆಯಲ್ಲಿ ಗುಣಗಳು ಚದುರುತ್ತವೆ. ಪೀಳಿಗೆಯಿಂದ ಪೀಳಿಗೆಗೆ ಆಯ್ದ ಗಿಡಕ್ಕೊಂದು ಸಂಖ್ಯೆ ಸೇರುತ್ತ, ಆರೇಳು ಪೀಳಿಗೆಗಳ ನಂತರ ಒಂದು ತಳಿ ನೆಲೆಗೊಳ್ಳುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ತಳಿಗೆ ಕೆಆರ್‌ಜಿ-1 ಒಂದು ಕಡೆಯ ಮೂಲ, ಐಸಿಜಿವಿ 86855 ಇನ್ನೊಂದು. ಬರೆದಿಟ್ಟ ಚೀಟಿಗಳಿರುವುದರಿಂದಲೇ ಇಂದಿಗೂ ಇದನ್ನು ಹೇಳಬಹುದು.

ಆದರೆ ಚೀಟಿ ತಳಿಯ ವಂಶವನ್ನು ಹೇಳುತ್ತದೆ, ಬಾಳ್ವೆಯನ್ನು ಹೇಳುವುದಿಲ್ಲ. ಜಿಪಿಬಿಡಿ-4 ತುಕ್ಕು ಮತ್ತು ಎಲೆಚುಕ್ಕೆ ರೋಗಗಳನ್ನು ತಡೆಯುತ್ತದೆ. ಎಲೆ ಬಹುಕಾಲ ಒದ್ದೆಯಾಗಿರುವ ಸೀಮೆಗೆ ಅದು ದೊಡ್ಡ ಗುಣ. ಮೊಳಕಾಲ್ಮೂರಿನ ಕೆಂಪು ಮಣ್ಣು ಕೇಳುವ ಪ್ರಶ್ನೆ ಬೇರೆ: ತೊಟ್ಟು ಇಳಿಯುವ ಹೊತ್ತಿಗೆ ಮಳೆ ಕೈಕೊಟ್ಟು ನೆಲ ಗಟ್ಟಿಯಾದರೆ ಈ ಗಿಡ ಏನು ಮಾಡುತ್ತದೆ? ಅದಕ್ಕೆ ಉತ್ತರ ಅಲ್ಲಿಯೇ ಬಿತ್ತಿ ನೋಡಿದಾಗ ಮಾತ್ರ ಸಿಗುತ್ತದೆ. ಪಕ್ಕದ ಅನಂತಪುರ ಜಿಲ್ಲೆಯಲ್ಲಿ 2000ದ ದಶಕದಲ್ಲಿ ರೈತರು, ಪಟಾಂಚೆರುವಿನ ಇಕ್ರಿಸ್ಯಾಟ್ ರೂಪಿಸಿದ ಐಸಿಜಿವಿ 91114ನ್ನು ಹಳೆಯ ಟಿಎಂವಿ-2ರ ಜೊತೆಗೆ ತಮ್ಮ ಹೊಲಗಳಲ್ಲಿಯೇ ಬೆಳೆದು ತೂಗಿ ನೋಡಿದರು. ತಳಿಯ ಪರೀಕ್ಷೆ ಎಂದರೆ ಅದು.

ಇಷ್ಟು ಪರಿಶ್ರಮದ ಬೀಜ ಹಳ್ಳಿಗೆ ಬಂದಾಗ ಆಗುವುದೇನು? ಪ್ರಮಾಣಿತ ಬೀಜದ ನೀಲಿ ಚೀಟಿ ಬಿತ್ತನೆಯ ದಿನವೇ ಬದುವಿನಲ್ಲಿ ಬೀಳುತ್ತದೆ. ಕಣದಲ್ಲಿ ಎರಡು ರಾಶಿಗಳು ಕೂಡುತ್ತವೆ. ಮರುವರ್ಷ ಅದು ಬರೀ ‘ಸರ್ಕಾರಿ ಬೀಜ’. ಶೇಂಗಾ ಸ್ವಕೀಯ ಪರಾಗದ ಬೆಳೆಯಾದುದರಿಂದ, ಬೆರಕೆಯಾಗದಂತೆ ಕಾಯ್ದರೆ ರೈತರ ಮನೆಯ ಬೀಜ ತನ್ನ ಗುಣವನ್ನು ಉಳಿಸಿಕೊಳ್ಳುತ್ತದೆ. ಹೈಬ್ರಿಡ್ ಮೆಕ್ಕೆಜೋಳದಂತೆ ಮರುಬಿತ್ತನೆಯಲ್ಲಿ ಒಡೆದುಹೋಗದು. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ಬೀಜವನ್ನು ಉಳಿಸುವ, ಬಿತ್ತುವ, ಹಂಚುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು ರೈತರಿಗೆ ಕೊಟ್ಟಿದೆ. ಹೆಸರೇ ಅಳಿದ ಬೀಜದ ಮೇಲೆ ಆ ಹಕ್ಕನ್ನು ಚಲಾಯಿಸಿ ಫಲವೇನು? ಬರಗಾಲವನ್ನು ತಾಳಿದ್ದು ಯಾವ ತಳಿ ಎಂಬ ಅರಿವೇ ಅಲ್ಲಿ ಕಳೆದುಹೋಗಿರುತ್ತದೆ.

ಬೇಕಾದದ್ದು ದೊಡ್ಡ ಯಂತ್ರವಲ್ಲ. ಚೀಲದ ಒಳಗೊಂದು, ಹೊರಗೊಂದು ಚೀಟಿ. ಅದರಲ್ಲಿ ತಳಿಯ ಹೆಸರು, ಬೀಜ ಬಂದ ಊರು, ಬಿತ್ತಿದ ದಿನ, ಮಳೆ ಬಿಟ್ಟ ವಾರಗಳು, ಕಿತ್ತ ದಿನ, ಇಳುವರಿ. ಅಕ್ಷರ ಬಲ್ಲ ಮಕ್ಕಳು ಮನೆಯ ಹಿರಿಯರನ್ನು ಕೇಳಿ ಇದನ್ನು ಪೆನ್ಸಿಲಿನಲ್ಲಿ ಬರೆಯಬಹುದು. ಶಾಯಿ ತೇವಕ್ಕೆ ಹರಡುತ್ತದೆ. ಮಲೆನಾಡಿನಲ್ಲಿ ಭತ್ತಕ್ಕೆ, ಮೆಣಸಿನ ಬಳ್ಳಿಗೆ ಇದೇ ಕ್ರಮ ಸಲ್ಲುತ್ತದೆ. ಸಂಶೋಧನಾ ಕೇಂದ್ರದ ದಾರ ನಿಲ್ಲುವಲ್ಲಿ ರೈತರ ಚೀಟಿ ಆರಂಭವಾಗಬೇಕು.