ಅಜ್ಜಿಯ ಮಾತು ಮುಗಿಯುವವರೆಗೆ

ಪಾರೋ ಎಂಬ ಸೀಲ್ ಮರಿಗೆ ಮೀನು ಹಾಕಬೇಕಿಲ್ಲ. ಪಾಪುವಿಗೆ ಚೀಪಲು ಕೊಡುವ ನಿಪ್ಪಲ್ಲಿನಂಥದ್ದೇ ಒಂದು ಚಾರ್ಜರನ್ನು ಅದರ ಬಾಯಿಗಿಟ್ಟರೆ ಹೊಟ್ಟೆ ತುಂಬಿತು! ಜಪಾನಿನ ಟಕನೋರಿ ಶಿಬಾಟಾ 1993ರಲ್ಲಿ ಈ ರೋಬಾಟಿನ ಕೆಲಸ ಶುರುಮಾಡಿದರು. ಬೆನ್ನು ಸವರಿದರೆ ಅದು ಕಣ್ಣು ಪಿಳುಕಿಸುತ್ತದೆ, ಕುಂಯ್ ಎನ್ನುತ್ತದೆ. ಮರೆವಿನ ಕಾಯಿಲೆಯಿರುವ ಹಿರಿಯರು ಅದನ್ನು ತೊಡೆಯ ಮೇಲಿಟ್ಟುಕೊಂಡು ಮುದ್ದಿಸುತ್ತಾರೆ.

ನಾಯಿಯೋ ಬೆಕ್ಕೋ ಆಗಬಹುದಿತ್ತಲ್ಲ, ಸೀಲೇ ಯಾಕೆ? ನಾಯಿ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು. ಬಾಲ ಆಡಿಸುವುದು ಚೂರು ತಪ್ಪಿದರೂ ‘ಇದು ಸುಳ್ಳು ನಾಯಿ’ ಅನ್ನಿಸಿಬಿಡುತ್ತದೆ. ಸೀಲ್ ಮರಿ ಸಾಕಿದವರು ಎಷ್ಟು ಜನ ಸಿಕ್ಕಾರು? ಅದಕ್ಕಿಂತ ಜಾಣತನದ ಸಂಗತಿಯೆಂದರೆ, ಪಾರೋ ಮಾತೇ ಆಡುವುದಿಲ್ಲ.

ಮಾತಾಡುವ ರೋಬಾಟಿನ ಫಜೀತಿಯೇ ಬೇರೆ. ನಾವು ಹರಟುವಾಗ ಒಬ್ಬರ ಮಾತು ನಿಂತು ಇನ್ನೊಬ್ಬರದು ಶುರುವಾಗುವ ನಡುವೆ ಸಾಮಾನ್ಯವಾಗಿ 0.2 ಸೆಕೆಂಡಿನಷ್ಟೇ ಬಿಡುವು. ಎದುರಿನವರ ಮಾತು ಇನ್ನೇನು ಮುಗಿಯಿತು ಎಂದು ನಮಗೆ ಮೊದಲೇ ಅಂದಾಜಾಗಿರುತ್ತದೆ. ಎಷ್ಟೋ ಯಂತ್ರಗಳಿಗೆ ಆ ಅಂದಾಜಿಲ್ಲ. ಸದ್ದು ನಿಂತರೆ ಮಾತು ಮುಗಿಯಿತು ಎಂದೇ ಅವುಗಳ ಲೆಕ್ಕ. ಅಜ್ಜಿ “ನಮ್ಮೂರ ಜಾತ್ರೇಲಿ...” ಎಂದು ಹೆಸರೊಂದನ್ನು ನೆನಪಿಸಿಕೊಳ್ಳುತ್ತಿದ್ದರೆ ಯಂತ್ರ ನಡುವೆ ಬಾಯಿ ಹಾಕುತ್ತದೆ. (ನಾವೂ ಹಾಗೇ ಮಾಡುತ್ತೇವೆ, ಬಿಡಿ.) ಬಹಳ ಹೊತ್ತು ಸುಮ್ಮನಿದ್ದರೆ “ಕೇಳಿಸ್ಲಿಲ್ವೇನೋ” ಎಂದು ಅಜ್ಜಿ ಮತ್ತೆ ಶುರುಮಾಡುತ್ತಾರೆ, ಆಗ ಇಬ್ಬರೂ ಒಟ್ಟಿಗೆ! ಅದಕ್ಕೇ ಈಗ ಯಂತ್ರಕ್ಕೆ ದನಿಯ ಏರಿಳಿತವನ್ನೂ ವಾಕ್ಯದ ನಡೆಯನ್ನೂ ಗಮನಿಸಲು ಕಲಿಸುತ್ತಾರೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದಲ್ಲ. ‘ಜಾತ್ರೇಲಿ’ ಎಂದು ನಿಂತ ಮಾತು ಇನ್ನೂ ಮುಗಿದಿಲ್ಲ ಎಂದು ಊಹಿಸಬಹುದು.

ದನಿಯಲ್ಲೂ ಎಚ್ಚರ ಬೇಕು. ವಯಸ್ಸಾದಂತೆ ಕಿವಿಯೊಳಗಿನ ಸೂಕ್ಷ್ಮ ಕೂದಲ ಕೋಶಗಳು ಸವೆಯುತ್ತವೆ. ಕೀರಲು ಸದ್ದನ್ನು ಹಿಡಿಯುವ ಕೋಶಗಳಿಗೇ ಮೊದಲ ಪೆಟ್ಟು. ಸ, ಶ ಮಸುಕಾಗುತ್ತವೆ. ಕಾರ್ಟೂನಿನ ಮುದ್ದು ಗುಬ್ಬಿದನಿ ನಿಮಗೆ ಇಷ್ಟವಾದೀತು, ಅಜ್ಜನಿಗೆ ಅರ್ಧ ಕೇಳಿಸದು. ಕಿರುಚಿದರೂ ಪ್ರಯೋಜನ ಕಡಿಮೆ. ಕೊಂಚ ದಪ್ಪ ದನಿ, ನಿಧಾನದ ಮಾತು ವಾಸಿ.

ಇಸ್ರೇಲಿನ ಕಂಪನಿಯೊಂದರ ಎಲ್ಲಿಕ್ಯೂ ಎಂಬ ಮಾತಾಡುವ ರೋಬಾಟಿಗೆ ಮುಖವೇ ಇಲ್ಲ. ಮೇಜಿನ ದೀಪದಂಥ ತಲೆಯನ್ನು ಆಡಿಸುತ್ತ, ಕೇಳುವ ಮೊದಲೇ ತಾನಾಗಿ ಮಾತಿಗೆಳೆಯುತ್ತದೆ. 2022ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯ 800ಕ್ಕೂ ಹೆಚ್ಚು ಹಿರಿಯರಿಗೆ ಇದನ್ನು ಕೊಡುವ ಯೋಜನೆ ಹಾಕಿತು.

ನಮ್ಮ ಮಾತು ಅರ್ಥವಾಗಬೇಕಾದರೆ ಯಂತ್ರ ಮೊದಲು ನಮ್ಮ ಜನರ ದನಿ ಕೇಳಿರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ‘ವಾಣಿ’ ಯೋಜನೆಯಲ್ಲಿ ದೇಶದ ಜಿಲ್ಲೆಜಿಲ್ಲೆಗಳ ಮಾತನ್ನು ಧ್ವನಿಮುದ್ರಿಸುತ್ತಿದೆ. ಇಂಥ ಸಂಗ್ರಹಗಳಲ್ಲಿ ನಡುಗುವ, ಬೊಚ್ಚುಬಾಯಿಯ ದನಿಗಳೂ ಬೇಕಾದಷ್ಟು ಇರಬೇಕು. ಇಲ್ಲದಿದ್ದರೆ ಕುಂದಾಪುರದ ಅಜ್ಜ “ಹ್ವಾಯ್” ಎಂದಾಗ ಅದು ಕರೆಯೋ ಕೆಮ್ಮೋ ಎಂದು ರೋಬಾಟ್ ತಬ್ಬಿಬ್ಬಾದೀತು.