ಬೇಡರ ಕೈಯ ಆಯುಧ
(ಉಗಾರ ಬುದ್ರುಕದಲ್ಲಿ ಮಾಡಿದ ಭಾಷಣ)



ಕೃಷ್ಣೆಯ ದಂಡೆಯ ಈ ಊರಲ್ಲಿ ಎತ್ತ ನೋಡಿದರೂ ಕಬ್ಬು. ಇಲ್ಲಿ ಬೇಟೆಯ ಮಾತೇಕೆ ಎಂದು ನೀವು ಕೇಳಬಹುದು. ನೆರೆಯ ಬಾಗಲಕೋಟೆ ಜಿಲ್ಲೆಯ ಹಲಗಲಿ ಎಂಬ ಊರು ಆಯುಧ ಒಪ್ಪಿಸದ ತಪ್ಪಿಗೆ ಬೆಂಕಿಗೆ ಬಿದ್ದಿತು. ಅದಕ್ಕೇ ಈ ಮಾತು.

ಹಲಗಲಿಯ ಬೇಡರಿಗೆ ಬೇಟೆ ಶೋಕಿಯಲ್ಲ, ಕುಲಕಸುಬು. ಒಕ್ಕಲಿಗನ ಮನೆಯಲ್ಲಿ ನೇಗಿಲು ಇದ್ದಂತೆ ಬೇಡನ ಮನೆಯಲ್ಲಿ ಆಯುಧ. ಆಗಿನ ನಾಡ ಬಂದೂಕಿಗೆ ನಳಿಗೆಯ ಬಾಯಿಂದಲೇ ಮದ್ದು, ಗುಂಡು ತುಂಬಬೇಕು. ಒಂದು ಗುರಿ ತಪ್ಪಿದರೆ ಮತ್ತೆ ತುಂಬುವಷ್ಟರಲ್ಲಿ ಜಿಂಕೆ ಮಾಯ!

ಆದರೆ 1857ರಲ್ಲಿ ಸಿಪಾಯಿಗಳ ದಂಗೆಗೆ ಬೆದರಿದ ಕಂಪನಿ ಸರ್ಕಾರ, ಪರವಾನಗಿಯಿಲ್ಲದೆ ಆಯುಧ ಇಟ್ಟುಕೊಳ್ಳಬಾರದೆಂದು ಕಾಯಿದೆ ಮಾಡಿತು. ಮುಧೋಳ ಸಂಸ್ಥಾನದಲ್ಲಿದ್ದ ಹಲಗಲಿಯ ಬೇಡರು ಒಪ್ಪಲಿಲ್ಲ. ಆಯುಧ ಕೊಟ್ಟರೆ ಅನ್ನ ಮತ್ತು ಮಾನ ಎರಡೂ ಹೋದಂತೆ. ನವೆಂಬರ್ ಕೊನೆಗೆ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಮುಧೋಳ, ಹಲಗಲಿಗಳಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಈ ಕಥೆಯನ್ನು ಜನ ಲಾವಣಿ ಕಟ್ಟಿ ಹಾಡಿದರು. ಅದನ್ನು ಸಂಗ್ರಹಿಸಿದವರು ಆಂಗ್ಲ ಅಧಿಕಾರಿ ಜೆ.ಎಫ್. ಫ್ಲೀಟ್!

ಇದೇ ಆಂಗ್ಲರು ಕೊಡಗಿನವರಿಗೆ ಮಾತ್ರ ಕೋವಿ ಇಟ್ಟುಕೊಳ್ಳಲು ವಿನಾಯಿತಿ ಕೊಟ್ಟರು. ಅದು ಇಂದಿಗೂ ಉಳಿದಿದೆ. ಅಂದರೆ ಸರ್ಕಾರ ಆಯುಧವನ್ನಷ್ಟೇ ಅಲ್ಲ, ಅದು ಯಾರ ಕೈಯಲ್ಲಿದೆ ಎಂಬುದನ್ನೂ ನೋಡಿತು.

1972ರ ವನ್ಯಜೀವಿ ಕಾಯಿದೆಯ ನಂತರ ಜಿಂಕೆ, ಕೃಷ್ಣಮೃಗಗಳ ಬೇಟೆ ಅಪರಾಧ. ಅದು ಸರಿಯೇ, ಬಯಲಲ್ಲಿ ಮೃಗಗಳು ಉಳಿಯಬೇಕು. ಆದರೆ ಬೇಟೆಗಾರನ ಕೈಯಿಂದ ಕಸುಬು ಕಿತ್ತುಕೊಂಡಾಗ ಆ ಕೈಗೆ ಬೇರೇನು ಕೊಟ್ಟೆವು? ಹಲಗಲಿ ಇಂದಿಗೂ ನಮ್ಮನ್ನು ಕೇಳುತ್ತಿರುವುದು ಇದನ್ನೇ.